ಬೂದಿದಿಬ್ಬದಿಂದ ಮಜ್ಜಿಗೆಯವರೆಗೆ

ಮನುಷ್ಯನ ಮೈಗುಣ ಅವನ ಬದುಕಿನ ರೀತಿಯನ್ನು ರೂಪಿಸುತ್ತದೆ. ಆ ರೀತಿ ನೂರಾರು ತಲೆಮಾರು ನಡೆದುಬಂದರೆ ಮೈಗುಣವನ್ನೇ ತಿದ್ದುವುದೂ ಉಂಟು. ಇದಕ್ಕೆ ಜೀವವಿಜ್ಞಾನಿಗಳು ಮೊದಲು ಹೇಳುವ ಉದಾಹರಣೆ ದನಸಾಕಣೆ ಮತ್ತು ಹಾಲು. ದಕ್ಷಿಣ ಭಾರತದ ದನಗಾಹಿಗಳ ಅತಿ ಹಳೆಯ ಕುರುಹುಗಳಲ್ಲಿ ಕೆಲವು ಹಂಪಿ, ಬಳ್ಳಾರಿಯ ಸುತ್ತಮುತ್ತಲೇ ಇವೆ.

ಹಂಪಿಯ ಹತ್ತಿರದ ನಿಂಬಾಪುರದಲ್ಲಿ ಒಂದು ಬೂದಿದಿಬ್ಬವಿದೆ. ವಾಲಿಯನ್ನು ಸುಟ್ಟ ಜಾಗ ಅದು ಎಂಬುದು ಸ್ಥಳೀಯರ ನಂಬಿಕೆ. ಹೊಸಪೇಟೆ–ಬಳ್ಳಾರಿ ದಾರಿಯ ಕುಡತಿನಿಯಲ್ಲಿ ಇನ್ನೂ ದೊಡ್ಡ ದಿಬ್ಬವಿದೆ. ಇವು ದನದ ಸಗಣಿ ಉರಿದು ಉಳಿದ ಬೂದಿ ಎಂದು ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಗುರುತಿಸಿದ್ದರು. 1957ರಲ್ಲಿ ಪುರಾತತ್ವಜ್ಞ ಎಫ್. ಆರ್. ಆಲ್ಚಿನ್ ಇಂದಿನ ತೆಲಂಗಾಣದ ಉತ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆಸಿದಾಗ ದೊಡ್ಡಿಯ ಬೇಲಿಗೂಟಗಳ ಕುಳಿಗಳ ಜೊತೆಗೆ ದನಗಳ ಗೊರಸಿನ ಗುರುತುಗಳೂ ಸಿಕ್ಕವು. ಕ್ರಿ.ಪೂ. 3000ದ ಸುಮಾರಿನಿಂದ ಇಲ್ಲಿ ದನ ಕಟ್ಟಿದವರು ಸಗಣಿಯನ್ನು ಗುಡ್ಡೆ ಹಾಕಿ ಮತ್ತೆ ಮತ್ತೆ ಸುಟ್ಟಿದ್ದರು. ಕೆಲವೆಡೆ ಶಾಖ ಎಷ್ಟಿತ್ತೆಂದರೆ ಬೂದಿ ಕರಗಿ ಗಾಜಿನಂತೆ ಗಟ್ಟಿಯಾಗಿದೆ. ಸಗಣಿಯನ್ನು ಹೀಗೆ ಸುಟ್ಟದ್ದು ಹಬ್ಬದ ಆಚರಣೆಯಾಗಿರಬೇಕು ಎಂಬ ಆಲ್ಚಿನ್ನರ ಊಹೆ ಒಪ್ಪುವಂಥದ್ದು. ಉತ್ತರ ಕರ್ನಾಟಕದ ಮನೆಗಳಲ್ಲಿ ದೀಪಾವಳಿಗೆ ಇಂದಿಗೂ ಸಗಣಿಯಲ್ಲಿ ಪಾಂಡವರನ್ನು ಮಾಡಿ ಪೂಜಿಸುತ್ತಾರೆ.

ಇನ್ನು ಈ ದನಗಳ ಹಾಲಿನ ಮಾತು. ಹಾಲಿನ ಸಕ್ಕರೆಯ ಹೆಸರು ಲ್ಯಾಕ್ಟೋಸ್. ಅದನ್ನು ಒಡೆಯುವ ಲ್ಯಾಕ್ಟೇಸ್ ಎಂಬ ಕಿಣ್ವ ಎಳೆಗೂಸಿನ ಸಣ್ಣಕರುಳಿನಲ್ಲಿ ಧಾರಾಳವಾಗಿರುತ್ತದೆ; ಮೊಲೆಹಾಲು ಬಿಟ್ಟ ಮೇಲೆ ಕ್ರಮೇಣ ಕಡಿಮೆಯಾಗುತ್ತದೆ. ಬಹುತೇಕ ಎಲ್ಲ ಸಸ್ತನಿಗಳಲ್ಲೂ ಹೀಗೆಯೇ. ಒಡೆಯದ ಸಕ್ಕರೆ ದೊಡ್ಡಕರುಳಿಗೆ ಇಳಿದರೆ ಅಲ್ಲಿನ ಬ್ಯಾಕ್ಟೀರಿಯಾ ಅದನ್ನು ಹುದುಗಿಸುತ್ತವೆ. ಹೊಟ್ಟೆ ಉಬ್ಬರಿಸುತ್ತದೆ, ಭೇದಿಯಾಗುತ್ತದೆ. ದನ ಸಾಕಿದ ಕೆಲವು ಜನರಲ್ಲಿ ಮಾತ್ರ ಈ ಕಿಣ್ವ ಜೀವನಪೂರ್ತಿ ಉಳಿಯುವಂಥ ವಂಶವಾಹಿ ಬದಲಾವಣೆ ಕಾಣಿಸಿಕೊಂಡು ಹರಡಿತು. ಯುರೋಪಿನಲ್ಲಿ ಒಂದು ಬಗೆ, ಆಫ್ರಿಕಾ ಮತ್ತು ಅರೇಬಿಯದ ದನಗಾಹಿ, ಒಂಟೆಗಾಹಿಗಳಲ್ಲಿ ಬೇರೆ ಬಗೆಗಳು. ದನಸಾಕಣೆ ಇಲ್ಲದಿದ್ದರೆ ಈ ಬದಲಾವಣೆಯಿಂದ ಯಾರಿಗೂ ಲಾಭವಿರುತ್ತಿರಲಿಲ್ಲ.

ಭಾರತದಲ್ಲಿ ಮುಖ್ಯವಾಗಿ ಕಾಣುವುದು ಯುರೋಪಿನದೇ ಬಗೆ ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ವಾಯವ್ಯದಲ್ಲಿ ಅದು ಹೆಚ್ಚು. ದಕ್ಷಿಣಕ್ಕೆ, ಪೂರ್ವಕ್ಕೆ ಬಂದಂತೆ ಕಡಿಮೆ. ಹಾಗಾದರೆ ಬೂದಿದಿಬ್ಬಗಳ ಜನ ಆ ಗುಣ ಇಲ್ಲದೆಯೇ ದನ ಕಾಯುತ್ತಿದ್ದರು ಎಂದು ಊಹಿಸಬಹುದು.

ವಂಶವಾಹಿ ಮಾಡದ ಕೆಲಸವನ್ನು ಈ ನಾಡಿನ ಅಡುಗೆಮನೆ ಮಾಡಿತು. ಕಾಯಿಸಿ ಆರಿಸಿದ ಹಾಲಿಗೆ ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾ ಲ್ಯಾಕ್ಟೋಸಿನ ಒಂದು ಪಾಲನ್ನು ಹುಳಿಯಾಗಿಸುತ್ತವೆ. ಉಳಿದದ್ದನ್ನು ಹೊಟ್ಟೆಯೊಳಗೆ ಒಡೆಯಲು ಅವುಗಳದೇ ಕಿಣ್ವ ನೆರವಾಗುತ್ತದೆ. ಮೊಸರು ಕಡೆದು ತೆಗೆದ ಬೆಣ್ಣೆಯಲ್ಲಿ ಆ ಸಕ್ಕರೆ ಅತ್ಯಲ್ಪ, ತುಪ್ಪದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಬಳ್ಳಾರಿ ಸೀಮೆಯ ಬಿಸಿಲಲ್ಲಿ ದುಡಿದು ಬಂದವರು ಉಣ್ಣುವ ಜೋಳದ ನುಚ್ಚು–ಮಜ್ಜಿಗೆ ರುಚಿಗೆ ಮಾತ್ರ ಹುಟ್ಟಿದ ಜೋಡಿಯಲ್ಲ. ಹೆಪ್ಪಿನ ಜಾಣ್ಮೆ ಇದ್ದಲ್ಲಿ ಹಾಲು ಅರಗಿಸುವ ವಂಶವಾಹಿಗೆ ಹರಡುವ ಒತ್ತಡವೂ ತಗ್ಗಿರಬಹುದು.

ಆದ್ದರಿಂದ ಹಾಲು ಅರಗದಿರುವುದನ್ನು ರೋಗವೆನ್ನುವುದು ಸರಿಯಲ್ಲ. ಮನುಷ್ಯಕುಲದ ಮೂಲ ಸ್ಥಿತಿಯೇ ಅದು, ಜಗತ್ತಿನ ಬಹುಪಾಲು ವಯಸ್ಕರ ಸ್ಥಿತಿಯೂ ಹೌದು. ಅಂಥವರಲ್ಲೂ ಹೆಚ್ಚಿನವರು ಸುಮಾರು 12 ಗ್ರಾಂ ಲ್ಯಾಕ್ಟೋಸ್, ಅಂದರೆ ಒಂದು ದೊಡ್ಡ ಲೋಟ ಹಾಲು, ತಾಳಿಕೊಳ್ಳುತ್ತಾರೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯ ಯೋಜನೆಯಲ್ಲಿ ಶಾಲಾಮಕ್ಕಳಿಗೆ ನಿಗದಿಯಾದ 150 ಮಿಲಿಲೀಟರ್ ಹಾಲಿನಲ್ಲಿರುವುದು ಅದಕ್ಕಿಂತ ಕಡಿಮೆ. ಅಷ್ಟಕ್ಕೂ ಹೊಟ್ಟೆ ಒಗ್ಗದ ಮಗುವಿಗೆ ಮನೆಯಲ್ಲಿ ಮೊಸರು ಕೊಡಬಹುದು; ಸುಣ್ಣದಂಶವೂ ಪ್ರೋಟೀನೂ ಅದರಲ್ಲಿ ಹಾಲಿನಷ್ಟೇ ಇರುತ್ತವೆ.