ಸತ್ಯಭಾಮೆ ಬರುವವರೆಗೆ ಕಾಯುವ ಜನ

ಗಣಪತಿಯ ಸ್ತುತಿ ಮುಗಿದಿದೆ. ಗೊಲ್ಲತಿ ಬಂದು ಜನರನ್ನು ನಗಿಸಿ ಹೋಗಿದ್ದಾಳೆ. ಸಮಯ ರಾತ್ರಿ ಹನ್ನೆರಡರ ಸುಮಾರು. ಆದರೂ ಅಟ್ಟದ ಮುಂದೆ ಕಂಬಳಿ ಹಾಸಿ ಕುಳಿತವರ ಪಾಲಿಗೆ ಆಟ ಇನ್ನೂ ಶುರುವಾಗಿಲ್ಲ. ಅವರು ಕಾಯುತ್ತಿರುವುದು ಸತ್ಯಭಾಮೆಗೆ. ಅವಳ ಮೊದಲ ಸ್ವರ ಕೇಳಿಬಂದರೆ ಸಾಕು, ಚಹಾದಂಗಡಿಯ ಮುಂದೆ ನಿಂತವರೂ ಕಪ್ಪು ಕೆಳಗಿಟ್ಟು ಓಡಿಬರುತ್ತಾರೆ. ಮುಖವನ್ನು ಸರಿಯಾಗಿ ನೋಡುವ ಮೊದಲೇ ಕಂಠವನ್ನು ಕೇಳಿ, ಈ ಹೊತ್ತಿನ ಆಟ ಏರುತ್ತದೆಯೋ ಇಲ್ಲವೋ ಎಂದು ತೀರ್ಪು ಕೊಟ್ಟುಬಿಡುವ ಜನ ಅವರು.

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹಳ್ಳಿಗಳಲ್ಲಿ ‘ಶ್ರೀಕೃಷ್ಣ ಪಾರಿಜಾತ’ವನ್ನು ಹೀಗೆ ಕೇಳುವ ಪದ್ಧತಿ ಬೆಳೆದು ಬಂತು. ಬಯಲಾಟವನ್ನು ‘ನೋಡುವುದು’ ಎನ್ನುವುದೇ ವಾಡಿಕೆಯಾದರೂ ಪಾರಿಜಾತದ ಮಟ್ಟಿಗೆ ‘ಕೇಳುವುದು’ ಎನ್ನುವುದೇ ಸರಿ.

ಸಂಗೀತದ ಅಭಿಮಾನಿ ಎಂದೊಡನೆ ಈಗ ಕಣ್ಣ ಮುಂದೆ ಬರುವ ಚಿತ್ರವೇ ಬೇರೆ. 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಐರನ್ ಮೇಡನ್’ ತಂಡ, 2011ರ ಅಕ್ಟೋಬರ್ 30ರಂದು ಅದೇ ಮೈದಾನದಲ್ಲಿ ‘ಮೆಟಾಲಿಕಾ’ ತಂಡ ಹಾಡಿದಾಗ ಕರಿ ಅಂಗಿ ತೊಟ್ಟ ಹುಡುಗರು ದೂರದೂರಗಳಿಂದ ಬಂದು ನೆರೆದಿದ್ದರು. ಪ್ರತಿ ಹಾಡೂ ಅವರಿಗೆ ಬಾಯಿಪಾಠ. ಗಾಯಕ ಬಾಯಿ ಮುಚ್ಚಿದರೆ ಮೈದಾನವೇ ಹಾಡನ್ನು ಮುಂದುವರಿಸುತ್ತಿತ್ತು. ಪ್ರೀತಿಯ ತಂಡದ ಬೆನ್ನು ಹತ್ತಿ ಊರೂರು ಅಲೆಯುವುದು, ಹಾಡಿನ ಮುಂದಿನ ಸಾಲನ್ನು ತಾನೇ ಮೊದಲು ಹೇಳುವುದು, ಹಿಂದಿನ ಸಲ ಕೇಳಿದ್ದಕ್ಕೂ ಈ ಸಲದ್ದಕ್ಕೂ ಹೋಲಿಸಿ ಗಂಟೆಗಟ್ಟಲೆ ವಾದಿಸುವುದು ರಾಕ್ ಸಂಗೀತದ ಜೊತೆಗೇ ನಮ್ಮಲ್ಲಿಗೆ ಬಂದ ರೂಢಿಗಳೆಂದು ತಿಳಿದವರಿದ್ದಾರೆ. ಘಟಪ್ರಭೆಯ ದಂಡೆಯ ಹಳ್ಳಿಗಳ ಹಿರಿಯರು ಇದನ್ನು ಕೇಳಿದರೆ ನಕ್ಕಾರು. ಅಲ್ಲಿ ಇದಕ್ಕೆ ‘ಪಾರಿಜಾತದ ಹುಚ್ಚು’ ಎಂಬ ಹೆಸರು ಎಂದೋ ಬಿದ್ದಿದೆ.

ಪಾರಿಜಾತದ ಕಥೆ ಎಲ್ಲರಿಗೂ ಗೊತ್ತಿರುವಂಥದೇ. ನಾರದ ದೇವಲೋಕದ ಪಾರಿಜಾತದ ಹೂವೊಂದನ್ನು ತಂದು ಕೃಷ್ಣನಿಗೆ ಕೊಡುತ್ತಾನೆ. ಕೃಷ್ಣ ಅದನ್ನು ರುಕ್ಮಿಣಿಗೆ ಕೊಡುತ್ತಾನೆ. ಸುದ್ದಿ ತಿಳಿದ ಸತ್ಯಭಾಮೆ ಮುನಿದು ಕೂರುತ್ತಾಳೆ. ಅವಳನ್ನು ಒಲಿಸುವುದೇ ಉಳಿದ ಆಟ. ಈ ಕಥೆಯನ್ನು ಮೊದಲು ಪದಗಳಲ್ಲಿ ಕಟ್ಟಿದವನು ರಾಯಚೂರು ಸೀಮೆಯ ಅಪರಾಳ ತಮ್ಮಣ್ಣ. ಅದನ್ನು ಅಟ್ಟಕ್ಕೆ ಒಗ್ಗುವಂತೆ ತಿದ್ದಿ ಬೆಳೆಸಿ ಜನರ ಬಾಯಿಗೆ ತಂದವನು ಕುಲಗೋಡ ತಮ್ಮಣ್ಣ. ಕುಲಗೋಡ ಹಿಂದೆ ಗೋಕಾಕ ತಾಲ್ಲೂಕಿನಲ್ಲಿತ್ತು, ಈಗ ಮೂಡಲಗಿ ತಾಲ್ಲೂಕಿಗೆ ಸೇರಿದೆ. ಇಬ್ಬರ ಹೆಸರೂ ತಮ್ಮಣ್ಣ ಎಂದೇ ಇರುವುದರಿಂದ ಗೊಂದಲ ಬಹಳ. ಒಬ್ಬನ ಪದ ಎಲ್ಲಿ ಮುಗಿದು ಇನ್ನೊಬ್ಬನದು ಎಲ್ಲಿ ಶುರುವಾಯಿತೆಂದು ಹೇಳುವುದು ಸುಲಭವಲ್ಲ. ವೀರಾವೇಶದ, ಭಾರಿ ವೇಷಭೂಷಣದ ದೊಡ್ಡಾಟಕ್ಕಿಂತ ಹಾಡೇ ಮುಖ್ಯವಾದ ಸಣ್ಣಾಟಕ್ಕೆ ಪಾರಿಜಾತ ಹತ್ತಿರ. ಅದು ಎರಡಕ್ಕೂ ಸೇರದ ಬೇರೆಯೇ ಪ್ರಕಾರ ಎನ್ನುವವರೂ ಇದ್ದಾರೆ.

ಕಥೆ ಇಷ್ಟು ಚಿಕ್ಕದಾಗಿದ್ದರೂ ಆಟ ಬೆಳಗಿನವರೆಗೆ ನಡೆಯುವುದು ಹೇಗೆ? ಉತ್ತರ ಆಟದ ಕಟ್ಟಡದಲ್ಲಿದೆ. ಪಾತ್ರಧಾರಿ ಮೊದಲು ಪದವನ್ನು ಹಾಡುತ್ತಾನೆ. ಹಿಂದೆ ನಿಂತ ಹಿಮ್ಮೇಳದವರು ಅದನ್ನು ಎತ್ತಿಕೊಳ್ಳುತ್ತಾರೆ. ಹಾರ್ಮೋನಿಯಂ, ತಬಲಾ, ತಾಳಗಳು ಜೊತೆಗೂಡುತ್ತವೆ. ಪದ ಮುಗಿದ ಮೇಲೆ ಅದರ ಅರ್ಥವನ್ನು ಮಾತಿನಲ್ಲಿ ಬಿಡಿಸುವುದುಂಟು. ಪದಗಳು ಗೊತ್ತಾದವು, ಮಾತು ಮಾತ್ರ ಆ ರಾತ್ರಿಯದೇ. ಬರೆದಿಟ್ಟದ್ದಲ್ಲ. ಈ ಜಾಗವನ್ನೇ ದೂತಿ ಹಿಡಿದುಕೊಳ್ಳುತ್ತಾಳೆ. ಸತ್ಯಭಾಮೆ ಬಿಂಕದಿಂದ ತನ್ನ ಹಿರಿಮೆ ಹೇಳಿಕೊಂಡರೆ ದೂತಿ ಅಪ್ಪಟ ಗೋಕಾಕ ಸೀಮೆಯ ಮಾತಿನಲ್ಲಿ ಅದರ ಗಾಳಿ ತೆಗೆಯುತ್ತಾಳೆ. ‘ಯಾರವ್ವಾ ನೀ? ಯಾ ಊರಾಕಿ?’ ಎಂಬ ಧಾಟಿಯ ಪ್ರಶ್ನೆಗಳಿಗೆ ದ್ವಾರಕೆಯ ರಾಣಿ ಉತ್ತರ ಕೊಡಬೇಕಾಗುತ್ತದೆ! ರಾಣಿಯನ್ನು ಹೀಗೆ ತಡೆದು ನಿಲ್ಲಿಸುವುದನ್ನು ನೋಡಿ ಹೆಂಗಸರ ಗುಂಪಿನಿಂದ ಏಳುವ ನಗೆ ಎಷ್ಟು ಹೊತ್ತು ನಿಲ್ಲುತ್ತದೋ ಅಷ್ಟು ಹೊತ್ತು ದೃಶ್ಯ ಹಿಗ್ಗುತ್ತದೆ. ಸತ್ಯಭಾಮೆಯ ಪ್ರವೇಶವೊಂದೇ ಬಹಳ ಹೊತ್ತು ಹಿಡಿಯುವುದು ಇದರಿಂದಾಗಿ.

ಅಂದರೆ ಆಟದ ಅಳತೆಯನ್ನು ನಿರ್ಧರಿಸುವವನು ಕೇಳುಗ. ಆತ ಸುಮ್ಮನೆ ಕೂರುವವನಲ್ಲ. ಪದ ಮನಸ್ಸಿಗೆ ಹಿಡಿಸಿತೆಂದರೆ ‘ಇನ್ನೊಮ್ಮೆ ಆಗ್ಲಿ’ ಎಂದು ಕೂಗುತ್ತಾನೆ. ಕಂಪನಿ ನಾಟಕಗಳು ಬಂದ ಮೇಲೆ ‘ಒನ್ಸ್ ಮೋರ್’ ಎಂಬ ಇಂಗ್ಲಿಷ್ ಕೂಗೂ ಹಳ್ಳಿಗೆ ಬಂತು. ಪಕ್ಕದ ಮರಾಠಿ ಸಂಗೀತ ನಾಟಕಗಳಲ್ಲಿ ಬಾಲಗಂಧರ್ವರ ಹಾಡುಗಳಿಗೆ ಬೀಳುತ್ತಿದ್ದ ‘ಒನ್ಸ್ ಮೋರ್’ಗಳ ಕಥೆ ಪ್ರಸಿದ್ಧವಾಗಿಯೇ ಇದೆ. ರಾಕ್ ಕಛೇರಿಗಳಲ್ಲೂ ಕೊನೆಗೆ ತಂಡ ಒಳಗೆ ಹೋಗಿ, ಜನ ಕೂಗಿ ಕರೆದ ಮೇಲೆ ಮತ್ತೆ ಬಂದು ಹಾಡುವ ಪದ್ಧತಿ ಇದೆ. ಆದರೆ ಆ ‘ಮತ್ತೆ ಹಾಡುವ’ ಹಾಡುಗಳೂ ಸಾಮಾನ್ಯವಾಗಿ ಮೊದಲೇ ಬರೆದಿಟ್ಟ ಪಟ್ಟಿಯಲ್ಲೇ ಇರುತ್ತವೆ. ಪಾರಿಜಾತದ ‘ಇನ್ನೊಮ್ಮೆ’ಗೆ ಅಂಥ ಪಟ್ಟಿಯಿಲ್ಲ. ಅದೇ ಪದವನ್ನು ಎರಡನೆಯ ಸಲ ಅದೇ ರೀತಿ ಹಾಡಿದರೆ ಕೇಳುಗನಿಗೆ ಸಮಾಧಾನವಿಲ್ಲ. ಹೊಸ ತಿರುವೊಂದು ಬೇಕು. ಕಲಾವಿದರು ಬೆಳೆದದ್ದು ಈ ಒತ್ತಾಯದಲ್ಲೇ.

ಮೆಚ್ಚುಗೆಗೆ ಇನ್ನೊಂದು ದಾರಿ ಆಯಾರ. ಮದುವೆ ಮುಂಜಿಗಳಲ್ಲಿ ಬೀಗರಿಗೆ ಮಾಡುವ ಆಯಾರವನ್ನೇ ಅಟ್ಟದ ಮೇಲೂ ಮಾಡುತ್ತಾರೆ. ಸೀರೆ, ಕುಪ್ಪಸದ ಖಣ, ಟವೆಲ್ಲು, ನೋಟು ಹೀಗೆ ಯಾವುದಾದರೂ ಆಗಬಹುದು. ಆಟ ನಿಲ್ಲುತ್ತದೆ. ಕೊಟ್ಟವರ ಹೆಸರು, ಊರು, ಮೊತ್ತವನ್ನು ಕೂಗಿ ಹೇಳುತ್ತಾರೆ. ನಡುರಾತ್ರಿ ರಸಭಂಗವಾಗುವಂತೆ ಹೀಗೆ ಹೆಸರು ಕೂಗುವುದು ಪಟ್ಟಣದಿಂದ ಬಂದ ವಿದ್ವಾಂಸರಿಗೆ ಕಿರಿಕಿರಿ. ಹಳ್ಳಿಯವರ ಲೆಕ್ಕ ಬೇರೆ. ಐದು ರೂಪಾಯಿ ಕೊಟ್ಟ ಕೂಲಿಯವನ ಹೆಸರೂ ಗೌಡರ ಹೆಸರಿನ ಹಿಂದೆಯೇ ಅದೇ ದನಿಯಲ್ಲಿ ಕೇಳಿಬರುತ್ತದೆ. ಸುತ್ತಲಿನ ನಾಲ್ಕಾರು ಹಳ್ಳಿಗಳ ಜನರೆದುರು ಅವನ ಹೆಸರು ಹೀಗೆ ಕೇಳಿಬರುವ ಸಂದರ್ಭ ಬೇರೆ ಯಾವುದಿತ್ತು? ಗೌಡರು ಹೆಚ್ಚು ಕೊಟ್ಟರೆಂದು ಪಕ್ಕದ ಊರಿನವರು ಹಟಕ್ಕೆ ಬಿದ್ದು ಆಯಾರ ಏರಿಸಿದರೆ ಲಾಭ ಮಾತ್ರ ಕಲಾವಿದರಿಗೆ.

ಧ್ವನಿವರ್ಧಕ ಬರುವ ಮೊದಲಿನ ಪಾರಿಜಾತವನ್ನು ಊಹಿಸಿಕೊಳ್ಳುವುದು ಇಂದಿನವರಿಗೆ ಕಷ್ಟ. ಬೆಳಕಿಗೆ ಮೊದಲು ಪಂಜು, ಆಮೇಲೆ ಗ್ಯಾಸ್‌ಬತ್ತಿ. ಬಯಲು ಜಾಗ. ಸುತ್ತ ಚಕ್ಕಡಿಗಳು, ಎತ್ತಿನ ಕೊರಳ ಗಂಟೆ, ಅಳುವ ಮಕ್ಕಳು, ಚುರುಮುರಿ ಮಾರುವವರು. ಇಷ್ಟನ್ನೂ ದಾಟಿ ಕೊನೆಯ ಚಕ್ಕಡಿಯ ಮೇಲೆ ಕುಳಿತವನಿಗೂ ಪದದ ಅಕ್ಷರ ಅಕ್ಷರ ಕೇಳಬೇಕು. ಹಾಗಾಗಿ ಹಾರ್ಮೋನಿಯಂನ ಏರು ಪಟ್ಟಿಯಲ್ಲಿ ಎದೆ ಬಿಚ್ಚಿ ಹಾಡುವ ಕಂಠಗಳಿಗೇ ಬೆಲೆ. ರಾಕ್ ಸಂಗೀತದ ಮೈದಾನದಲ್ಲಿ ಸದ್ದು ಕೇಳುಗನ ಎದೆಗೆ ಬಂದು ಬಡಿಯುತ್ತದೆ. ಅಲ್ಲಿ ಕಿವಿ ಚುರುಕುಗೊಳಿಸುವ ಪ್ರಶ್ನೆಯೇ ಬರುವುದಿಲ್ಲ. ಪಾರಿಜಾತದಲ್ಲಿ ಮೌನ ಮಾಡುವ ಕೆಲಸ ಕೇಳುಗರದೇ ಆಗಿತ್ತು. ಗದ್ದಲ ಮಾಡಿದವನನ್ನು ಪಕ್ಕದವನೇ ಗದರಿಸಿ ಕೂರಿಸುತ್ತಿದ್ದ.

ಇಂಥ ಕಂಠಗಳ ಸಾಲಿನಲ್ಲಿ ಇಂದಿಗೂ ಗೋಕಾಕ ಸೀಮೆಯವರು ಮೊದಲು ಹೇಳುವ ಹೆಸರು ಕೌಜಲಗಿ ನಿಂಗಮ್ಮನದು. ಹೆಣ್ಣು ಪಾತ್ರಗಳನ್ನೂ ಗಂಡಸರೇ ಮಾಡುವುದು ವಾಡಿಕೆಯಾಗಿದ್ದ ಕಾಲದಲ್ಲಿ ಅಟ್ಟ ಏರಿ ಪಾರಿಜಾತಕ್ಕೆ ಹೆಸರು ತಂದಾಕೆ ಆಕೆ. ಊರಿನ ಹೆಸರು ಆಕೆಗೆ ಅಂಟಿತೋ, ಆಕೆಯಿಂದ ಊರಿಗೆ ಹೆಸರು ಬಂತೋ ಎನ್ನುವಷ್ಟು ಆ ಎರಡೂ ಬೆರೆತುಹೋಗಿವೆ. ಇಲ್ಲಿ ಒಂದು ಮಾತು ಹೇಳಲೇಬೇಕು. ಪಾರಿಜಾತದ ಅಭಿಮಾನಿಗಳನ್ನು ಹೊಗಳುವಾಗ ಅವರ ಅಭಿಮಾನಕ್ಕಿದ್ದ ಮಿತಿಯನ್ನು ಮರೆಯುವುದು ಸುಲಭ. ರಾತ್ರಿ ಸೀರೆ ಉಡಿಸಿ, ಹೆಸರು ಕೂಗಿಸಿ, ಕಣ್ಣೀರು ಹಾಕಿ ಕೇಳಿದ ಗಂಡಸರೇ ಹಗಲು ಅದೇ ಕಲಾವಿದೆಯನ್ನು ಮನೆಯ ಕಟ್ಟೆಯ ಮೇಲೆ ಕೂರಿಸಿಕೊಳ್ಳಲು ಹಿಂದೆಮುಂದೆ ನೋಡುತ್ತಿದ್ದರು. ಉತ್ತರ ಕರ್ನಾಟಕದ ರಂಗಭೂಮಿಯ ಎಷ್ಟೋ ಕಲಾವಿದೆಯರ ಬದುಕಿನಲ್ಲಿ ಬರುವ ಕಥೆಯಿದು. ಕಂಠಕ್ಕೆ ಸಿಕ್ಕ ಮರ್ಯಾದೆ ಮನುಷ್ಯಳಿಗೆ ಸಿಗಲಿಲ್ಲ.

ಕೇಳುಗ ಕುಳಿತಲ್ಲೇ ಉಳಿಯದೆ ತಾನೇ ಏನಾದರೂ ಕಟ್ಟಿದ ಉದಾಹರಣೆಗಳೂ ಇವೆ. ಕನ್ನಡ ನಾಡಿನ ಭಾಗವತರ ತಂಡವೊಂದು ಸಾಂಗ್ಲಿಗೆ ಹೋಗಿ ಆಟವಾಡಿತು. ಅದನ್ನು ಕಂಡ ಅಲ್ಲಿನ ದೊರೆ ಚಿಂತಾಮಣರಾವ್ ಪಟವರ್ಧನ ಇಂಥದನ್ನು ಮರಾಠಿಯಲ್ಲೂ ಮಾಡಬೇಕೆಂದು ವಿಷ್ಣುದಾಸ ಭಾವೆಯವರಿಗೆ ಹೇಳಿದ. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂದದ್ದು ಹಾಗೆ. ಮರಾಠಿ ರಂಗಭೂಮಿಯ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಮುಂದೆ 1880ರಲ್ಲಿ ‘ಸಂಗೀತ ಶಾಕುಂತಲ’ದ ಮೂಲಕ ಮರಾಠಿ ಸಂಗೀತ ನಾಟಕಕ್ಕೆ ರೂಪ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರ ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಆ ನಾಟಕಗಳ ಮಟ್ಟುಗಳು, ಹಿಂದೂಸ್ತಾನಿ ರಾಗಗಳ ನೆರಳು ಪಾರಿಜಾತದ ಪದಗಳ ಮೇಲೂ ಬಿದ್ದವು. ಕೊಟ್ಟು ತೆಗೆದುಕೊಳ್ಳುವ ವ್ಯವಹಾರ ಎರಡೂ ಕಡೆಯಿಂದ ನಡೆದಿತ್ತು.

ಹುಕ್ಕೇರಿ ತಾಲ್ಲೂಕಿನ ಘೋಡಗೇರಿಯಲ್ಲಿ 1937ರಲ್ಲಿ ಹುಟ್ಟಿದ ಚಂದ್ರಶೇಖರ ಕಂಬಾರರು ಇಂಥದೇ ಇನ್ನೊಬ್ಬ ಕೇಳುಗ. ಘೋಡಗೇರಿಯಲ್ಲೂ ಆಮೇಲೆ ಗೋಕಾಕದಲ್ಲೂ ಓದಿದ ಅವರು ಮುಂದೆ ಸಂಶೋಧನೆಗೆ ಆರಿಸಿಕೊಂಡದ್ದು ಉತ್ತರ ಕರ್ನಾಟಕದ ಜನಪದ ರಂಗಭೂಮಿಯನ್ನೇ. ‘ಜೋಕುಮಾರಸ್ವಾಮಿ’ ನಾಟಕದಲ್ಲಿ ಹಿಮ್ಮೇಳ, ಹಾಡು, ಮಾತು ಒಂದರೊಳಗೊಂದು ಹೊಕ್ಕು ಬರುವ ರೀತಿಯನ್ನು ನೋಡಿದರೆ ಬಯಲಾಟದ ಮುಂದೆ ಕಂಬಳಿ ಹಾಸಿ ಕುಳಿತ ಹುಡುಗ ಕಾಣುತ್ತಾನೆ. 2010ನೇ ಸಾಲಿನ ಜ್ಞಾನಪೀಠ ಅವರಿಗೆ ಬಂದಾಗ ಘೋಡಗೇರಿಯ ಅಟ್ಟಕ್ಕೂ ಅದರಲ್ಲಿ ಒಂದು ಪಾಲು ಸಲ್ಲಬೇಕಾಗಿತ್ತು. ಗೋಕಾಕ ಸೀಮೆಯ ಬೆಟಗೇರಿಯ ಕೃಷ್ಣಶರ್ಮರು, ಅಂದರೆ ‘ಆನಂದಕಂದ’ರು, ಹಳ್ಳಿಯ ಹಾಡುಗಳನ್ನು ಸಂಗ್ರಹಿಸಲು ಹೊರಟದ್ದೂ ಕೇಳುವ ಚಟದಿಂದಲೇ ಎನ್ನಬಹುದು.

ಇಷ್ಟೆಲ್ಲ ಇದ್ದ ಕೇಳುಗ ಎಲ್ಲಿ ಹೋದ? 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಹಾಡಿಗೆ ನಿಮಿಷಗಳ ಲೆಕ್ಕ ಬಂತು. ಸಿನಿಮಾ ಟೆಂಟುಗಳು ರಾತ್ರಿಯ ಅರ್ಧ ಜನರನ್ನು ಸೆಳೆದವು, ಉಳಿದರ್ಧವನ್ನು ಟಿ.ವಿ. ಮನೆಯಲ್ಲೇ ಹಿಡಿದಿಟ್ಟಿತು. ಇವನ್ನು ದೂರುವುದು ಹಳೆಯ ಮಾತಾಯಿತು. ಹೆಚ್ಚು ಪೆಟ್ಟು ಕೊಟ್ಟದ್ದು, ವಿಚಿತ್ರವೆಂದರೆ, ಪಾರಿಜಾತವನ್ನು ಉಳಿಸಲು ಕಟ್ಟಿದ ವೇದಿಕೆಗಳೇ. ಉತ್ಸವಗಳಲ್ಲಿ ತಂಡಕ್ಕೆ ಸಿಗುವುದು ಒಂದು ಗಂಟೆ, ಹೆಚ್ಚೆಂದರೆ ಎರಡು. ಮುಂದಿನ ಸಾಲಿನಲ್ಲಿ ಅತಿಥಿಗಳು. ಅವರ ಹಿಂದೆ ಕುರ್ಚಿಗಳು. ಆಯಾರ ಮಾಡಲು ಎದ್ದರೆ ಸ್ವಯಂಸೇವಕರು ತಡೆಯುತ್ತಾರೆ. ‘ಇನ್ನೊಮ್ಮೆ’ ಎಂದು ಕೂಗಿದರೆ ನಿರೂಪಕರು ಗಡಿಯಾರ ನೋಡುತ್ತಾರೆ. ಸತ್ಯಭಾಮೆ ಹತ್ತೇ ನಿಮಿಷದಲ್ಲಿ ಬಂದು, ಮುನಿದು, ಒಲಿದು ಹೋಗಬೇಕು.

ಬಾಗಲಕೋಟೆಯಲ್ಲಿ ಬಯಲಾಟಕ್ಕೆಂದೇ ಪ್ರತ್ಯೇಕ ಅಕಾಡೆಮಿ ಇದೆ. ಪ್ರಶಸ್ತಿ, ಮಾಸಾಶನ, ತರಬೇತಿ ಶಿಬಿರ ಇವೆಲ್ಲ ಅಗತ್ಯವೇ. ಹಸಿದ ಕಲಾವಿದನಿಗೆ ಉಪದೇಶ ಮಾಡಿ ಪ್ರಯೋಜನವಿಲ್ಲ. ಆದರೆ ಅನುದಾನ ತಲುಪುವುದು ಅಟ್ಟದ ಮೇಲಿರುವವರಿಗೆ. ಅಟ್ಟದ ಕೆಳಗೆ ಕೂತು, ಪದ ತಪ್ಪಿದರೆ ಅಲ್ಲಿಂದಲೇ ತಿದ್ದಿ, ಸರಿ ಹಾಡಿದರೆ ಟವೆಲ್ಲು ಹೊದಿಸುವವನಿಗೆ ಯಾವ ಶಿಬಿರವಿದೆ? ಹೊಸ ಹುಡುಗ ಹುಡುಗಿಯರು ಪದಗಳನ್ನು ಶಿಬಿರದಲ್ಲಿ ಕಲಿಯಬಲ್ಲರು. ದೂತಿಯ ಮಾತನ್ನು ಕಲಿಯುವುದು ಹೇಗೆ? ಆ ಮಾತು ಹುಟ್ಟುವುದೇ ಎದುರಿಗೆ ಕುಳಿತವರ ನಗೆಯಿಂದ. ರಾಕ್ ತಂಡಗಳು ತಮ್ಮ ಕೇಳುಗರನ್ನು ಉಳಿಸಿಕೊಂಡದ್ದರಲ್ಲಿ ಪಾರಿಜಾತಕ್ಕೊಂದು ಪಾಠವಿದೆ ಎಂದರೆ ಕೆಲವರಿಗೆ ಇಷ್ಟವಾಗಲಿಕ್ಕಿಲ್ಲ. ಆದರೆ ಅಲ್ಲಿ ಟಿಕೆಟ್ಟಿನ ಹಣ ಕೊಟ್ಟವನು ತಾನು ಬಂದದ್ದು ಹಾಡಿಗೆ ಎಂಬುದನ್ನು ಮರೆಯುವುದಿಲ್ಲ. ನಡುವೆ ಭಾಷಣ ಮಾಡಲು ಯಾರಿಗೂ ಬಿಡುವುದಿಲ್ಲ.

ಜಾತ್ರೆಯ ದಿನಗಳಲ್ಲಿ, ಸುಗ್ಗಿ ಮುಗಿದ ಮೇಲೆ, ಪಾರಿಜಾತವನ್ನು ರಾತ್ರಿಯಿಡೀ ಆಡಿಸುವ ಊರುಗಳು ಇಲ್ಲವಾಗಿಲ್ಲ. ನಡುರಾತ್ರಿಯ ಹೊತ್ತಿಗೆ ಹರೆಯದವರು ಮೊಬೈಲಿನಲ್ಲಿ ಒಂದಷ್ಟು ಹಿಡಿದುಕೊಂಡು ಮನೆಗೆ ಹೋಗುತ್ತಾರೆ. ಹಿರಿಯರು ಕಂಬಳಿ ಹೊದ್ದು ಕೂತೇ ಇರುತ್ತಾರೆ. ಹಿಂದೆಲ್ಲ ಆಟ ಗೊತ್ತುಮಾಡಲು ವೀಳ್ಯ ಹಿಡಿದು ಹೋದವರು ತಂಡದವರಿಗೆ ಕೇಳುತ್ತಿದ್ದ ಮೊದಲ ಪ್ರಶ್ನೆ, ‘ಸತ್ಯಭಾಮಿ ಯಾರು ಮಾಡ್ತಾರ್ರೀ?’ ಎಂದು. ಈಗ, ‘ಎಷ್ಟಕ್ಕ ಮುಗಿಸ್ತೀರಿ?’ ಎಂದು ಮೊದಲು ಕೇಳುತ್ತಾರೆ.