ಹಲಗೆ ಬೇಲಿ ಕೊಳೆಯುವುದು ನೆಲಮಟ್ಟದಲ್ಲಿ

ಹಿತ್ತಲಿನ ಬಚ್ಚಲಿಗೆ ಮರೆಯಾಗಿ ಕಟ್ಟಿದ ಹಲಗೆ ಬೇಲಿ ಎರಡು ಮೂರು ಮಳೆಗಾಲದಲ್ಲೇ ಓಲಾಡತೊಡಗಿದರೆ, ಮರವೇ ಕೆಟ್ಟದ್ದೆಂದು ರೈತರು ಸುಮ್ಮನಾಗುವುದುಂಟು. ಅಂತಹ ಒಂದು ಕಂಬವನ್ನು ಕಿತ್ತು ನೋಡಿರಿ. ಮೇಲ್ಭಾಗ ಗಟ್ಟಿಯಾಗಿರುತ್ತದೆ, ಆಳದಲ್ಲಿ ಹೂತ ತುದಿಯೂ ಸಾಮಾನ್ಯವಾಗಿ ಅಷ್ಟು ಕೆಟ್ಟಿರುವುದಿಲ್ಲ. ನೆಲಮಟ್ಟದ ಒಂದು ಗೇಣು ಭಾಗ ಮಾತ್ರ ಹಿಸುಕಿದರೆ ಪುಡಿಯಾಗುತ್ತದೆ.

ಮರವನ್ನು ಕೊಳೆಸುವ ಶಿಲೀಂಧ್ರಕ್ಕೆ ತೇವವೂ ಬೇಕು, ಗಾಳಿಯೂ ಬೇಕು. ನೆಲದ ಮೇಲೆ ಮರ ಬೇಗ ಒಣಗುತ್ತದೆ. ಆಳದಲ್ಲಿ ಗಾಳಿ ಕಡಿಮೆ. ಎರಡೂ ಕೂಡುವುದು ನೆಲಮಟ್ಟದಲ್ಲಿ. ಮರದ ತೇವಾಂಶ ಶೇಕಡ 20ಕ್ಕಿಂತ ಕೆಳಗಿದ್ದರೆ ಕೊಳೆ ಹತ್ತುವುದಿಲ್ಲ. ಗೆದ್ದಲು ಏರುವುದೂ ಮಣ್ಣು ತಾಗಿದ ಈ ಜಾಗದಿಂದಲೇ. ಆದ್ದರಿಂದ ಖರ್ಚು ಮಾಡುವುದಾದರೆ ಇಲ್ಲಿಯೇ ಮಾಡಬೇಕು.

ತೇಗ, ಹೊನ್ನೆಗಳ ಕೆಚ್ಚು ತಾನಾಗಿಯೇ ಬಾಳುತ್ತದೆ. ಆದರೆ ಅದೇ ಮರದ ಬಿಳಿಯ ಹೊರಭಾಗ ಬಾಳುವುದಿಲ್ಲ. ಎಳೆಯ ನೀಲಗಿರಿ, ಸರ್ವೆ ಗಳಗಳಲ್ಲಿ ಕೆಚ್ಚೇ ಕಡಿಮೆಯಾದ್ದರಿಂದ ಅವಕ್ಕೆ ರಕ್ಷಣೆ ಬೇಕೇ ಬೇಕು.

ಕೆಲವರು ಕಂಬದ ಬುಡವನ್ನು ಬೆಂಕಿಯಲ್ಲಿ ಸುಟ್ಟು ನೆಡುತ್ತಾರೆ. ಇದ್ದಿಲು ಕೊಳೆಯುವುದಿಲ್ಲ, ನಿಜ. ಆದರೆ ಸುಟ್ಟ ಪದರ ಬಿರಿದು, ನೀರು ಒಳಮರಕ್ಕೆ ಇಳಿಯುತ್ತದೆ. ಇದೊಂದನ್ನೇ ನಂಬುವಂತಿಲ್ಲ. ಇನ್ನು ಕೆಲವರು ಹಸಿ ಕಂಬಕ್ಕೇ ಡಾಂಬರು ಬಳಿಯುತ್ತಾರೆ. ಇದು ಇನ್ನೂ ಕೆಟ್ಟದ್ದು. ಒಳಗಿನ ತೇವ ಹೊರಬರಲಾರದೆ, ಹೊರಗೆ ಕಪ್ಪಗೆ ಹೊಳೆಯುವ ಕಂಬ ಒಳಗೇ ಟೊಳ್ಳಾಗುತ್ತದೆ. ಮೊದಲು ತೊಗಟೆ ಸುಲಿದು, ನಡುವೆ ಪಟ್ಟಿಗಳನ್ನಿಟ್ಟು ಪೇರಿಸಿ, ನೆರಳಿನಲ್ಲಿ ಒಂದು ಬೇಸಿಗೆ ಒಣಗಿಸಿರಿ. ಆಮೇಲೆ ನೆಲಮಟ್ಟದಿಂದ ಒಂದು ಗೇಣು ಮೇಲಿನವರೆಗೆ, ಬುಡದ ಕೊಯ್ದ ಮುಖವೂ ಸೇರಿದಂತೆ, ಬಿಸಿ ಡಾಂಬರನ್ನು ಎರಡು ಸಲ ಬಳಿಯಿರಿ.

ಇದಕ್ಕಿಂತ ಹೆಚ್ಚು ಬಾಳುವುದು ಒತ್ತಡದಲ್ಲಿ ಔಷಧ ಸೇರಿಸಿದ ಕಂಬ. ಅದಕ್ಕೆ ಬಳಸುವ ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಮಿಶ್ರಣವನ್ನು 1933ರಲ್ಲಿ ಡೆಹ್ರಾಡೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೋಂಟಿ ಕಾಮೇಶಂ ಅವರು ರೂಪಿಸಿದರು. ಇಂತಹ ಕಂಬ ತಂದರೆ ಬುಡವನ್ನು ಕೊಯ್ಯಬೇಡಿರಿ. ಉದ್ದ ಹೆಚ್ಚಾದರೆ ಮೇಲಿನ ತುದಿಯಲ್ಲಿ ಕೊಯ್ಯಿರಿ. ಕೊಯ್ದ ತುಂಡುಗಳನ್ನು ಹಂಡೆಯ ಒಲೆಗೆ ಹಾಕಲೇಬಾರದು. ಹೊಗೆಯಲ್ಲೂ ಬೂದಿಯಲ್ಲೂ ಆರ್ಸೆನಿಕ್ ಇರುತ್ತದೆ. ಆ ಬೂದಿ ಪಾತ್ರೆ ತೊಳೆಯಲು ಬೇಡ, ಗೊಬ್ಬರದ ಗುಂಡಿಗೂ ಬೇಡ. ದನದ ಗೋದಲಿಗೂ ಈ ಮರ ಸಲ್ಲದು.

ನೆಡುವಾಗ ಗುಂಡಿಯ ತಳಕ್ಕೆ ಅರ್ಧ ಅಡಿ ಜಲ್ಲಿ ಹಾಕಿ, ಕಂಬದ ಸುತ್ತ ಮಣ್ಣನ್ನು ಗುಡ್ಡೆಯಾಗಿ ದಮ್ಮಸು ಮಾಡಿರಿ. ಕಾಂಕ್ರೀಟು ಹಾಕಿದರೂ ಅದರ ಮೇಲ್ಮೈ ಹೊರಕ್ಕೆ ಇಳಿಜಾರಾಗಿರಲಿ; ಬಟ್ಟಲಿನಂತಾದರೆ ನೀರು ಕಂಬದ ಸುತ್ತಲೇ ನಿಲ್ಲುತ್ತದೆ. ಕಂಬದ ತಲೆಯನ್ನು ಓರೆಯಾಗಿ ಕೊಯ್ಯಿರಿ. ಹಲಗೆಗಳ ಕೆಳ ಅಂಚು ನೆಲದಿಂದ ಎರಡು ಅಂಗುಲ ಮೇಲಿರಲಿ. ಬಚ್ಚಲ ನೀರು ಬೇಲಿಯ ಬುಡಕ್ಕೆ ಹರಿಯದಂತೆ ಕಾಲುವೆಯನ್ನು ಬೇರೆ ಕಡೆಗೆ ತಿರುಗಿಸಿರಿ.

ಪ್ರತಿ ವರ್ಷ ಮುಂಗಾರಿಗೆ ಮುಂಚೆ, ಹಲಗೆಗೆ ಒತ್ತಿ ನಿಂತ ಮಣ್ಣು ತರಗೆಲೆಗಳನ್ನು ಎಳೆದು ತೆಗೆದು, ಕಂಬಗಳ ನೆಲಮಟ್ಟವನ್ನು ಕುಡುಗೋಲಿನ ಮೊನೆಯಿಂದ ಚುಚ್ಚಿ ನೋಡಿರಿ. ಮೊನೆ ಸುಲಭವಾಗಿ ಇಳಿದರೆ ಆ ಕಂಬವನ್ನು ಮಳೆಗೆ ಮೊದಲೇ ಬದಲಿಸುವುದು ಒಳ್ಳೆಯದು.