ಕುದುರೆ ಇಳಿದರೂ ರಾವುತರೇ

1799ನೇ ಇಸವಿ. 17 ವರ್ಷದ ಮಾರ್ಸೆಲಿನ್ ಮಾರ್ಬೋ ಫ್ರೆಂಚ್ ಸೇನೆಯ ಒಂದನೇ ಹುಸಾರ್ ರೆಜಿಮೆಂಟಿಗೆ ಸೇರಿದ. ಅಪ್ಪ ಜನರಲ್. ಆದರೂ ಮಗ ಸಾಮಾನ್ಯ ಸವಾರನಾಗಿಯೇ ಶುರು ಮಾಡಲಿ ಎಂದು ಅವರ ಹಟ. ಹುಡುಗನನ್ನು ಪಳಗಿಸಲು ಪೆರ್ತೆಲೇ ಎಂಬ ಹಳೆಯ ಹುಲಿಗೆ ಒಪ್ಪಿಸಿದರು. ಮುಖವನ್ನು ಎರಡಾಗಿ ಸೀಳಿದಂಥ ಗಾಯದ ಗುರುತು, ಮೇಣ ತೀಡಿ ಕಿವಿಯವರೆಗೆ ತಿರುವಿದ ಮೀಸೆ, ಟೋಪಿಯ ಕೆಳಗಿಂದ ಎದೆಗಿಳಿದ ಎರಡು ಜಡೆ: ಅಸಲಿ ಹುಸಾರ್ ಎಂದರೆ ಹೀಗೆ.

ಮಾರ್ಬೋಗೆ ಮೀಸೆಯೇ ಚಿಗುರಿರಲಿಲ್ಲ. ಗುರು ಅದಕ್ಕೂ ದಾರಿ ಹುಡುಕಿದ. ಕಪ್ಪು ಮೇಣ ತೆಗೆದು ಹುಡುಗನ ತುಟಿಯ ಮೇಲೆ ದಪ್ಪ ಮೀಸೆ ಬರೆದ. ತಲೆಗೆ ಸುಳ್ಳು ಜಡೆ ಕಟ್ಟಿಸಿದ. ಇಟಲಿಯ ಬಿಸಿಲಿನಲ್ಲಿ ಮೇಣ ಒಣಗಿ ಚರ್ಮವನ್ನು ಜಗ್ಗುತ್ತಿದ್ದ ಪಾಡನ್ನು ಮಾರ್ಬೋ ಮುಂದೆ ತನ್ನ ಆತ್ಮಕಥೆಯಲ್ಲಿ ನಗುತ್ತಲೇ ಬರೆದುಕೊಂಡ. ಈ ಮೀಸೆ, ಈ ಜಡೆ ಯಾವುದೂ ಫ್ರಾನ್ಸಿನದಲ್ಲ. ದೂರದ ಹಂಗೇರಿಯಿಂದ ಬಂದದ್ದು. ರೆಜಿಮೆಂಟಿನ ಕಥೆಯೂ ಅಲ್ಲಿಂದಲೇ ಶುರುವಾಗುತ್ತದೆ.

ನೆಲೆ ತಪ್ಪಿದವರ ಪಡೆ

1703ರಿಂದ 1711ರವರೆಗೆ ಹಂಗೇರಿಯನ್ನರು ರಾಕೋಚಿಯ ಮುಂದಾಳತ್ವದಲ್ಲಿ ಹ್ಯಾಬ್ಸ್‌ಬರ್ಗ್ ದೊರೆಗಳ ವಿರುದ್ಧ ದಂಗೆಯೆದ್ದು ಸೋತರು. ರಾಕೋಚಿಯ ಬಲಗೈಯಾಗಿದ್ದ ಮಿಕ್ಲೋಶ್ ಬೆರ್ಚೇನಿ ದೇಶ ಬಿಟ್ಟು, ಕೊನೆಗೆ ತುರ್ಕರ ನಾಡಿನ ರೊಡೊಸ್ಟೋ ಪಟ್ಟಣದಲ್ಲಿ 1725ರಲ್ಲಿ ಕಣ್ಣು ಮುಚ್ಚಿದ. ಮಗ ಲಾಸ್ಲೋ ಫ್ರಾನ್ಸಿಗೆ ಬಂದ. ತನ್ನ ಬಳಿ ಇಲ್ಲದ ದೇಶ, ತುರ್ಕರ ನಾಡಿನಲ್ಲಿ ಚದುರಿ ಕುಳಿತ ತನ್ನ ಜನ, ಕುದುರೆಯ ವಿದ್ಯೆ: ಅವನ ಬಂಡವಾಳ ಇಷ್ಟೇ. ಆ ಜನರನ್ನೇ ಕೂಡಿಸಿ 1720ರಲ್ಲಿ ಫ್ರೆಂಚ್ ದೊರೆಗಾಗಿ ಒಂದು ಹುಸಾರ್ ರೆಜಿಮೆಂಟ್ ಕಟ್ಟಿದ. ಫ್ರೆಂಚರ ಬಾಯಲ್ಲಿ ಬೆರ್ಚೇನಿ ‘ಬೆರ್ಶೆನಿ’ ಆಯಿತು. 1758ರಲ್ಲಿ ಈ ನಿರಾಶ್ರಿತನಿಗೆ ಫ್ರಾನ್ಸಿನ ಮಾರ್ಷಲ್ ಪದವಿಯೇ ದಕ್ಕಿತು.

ಹುಸಾರ್ ಎಂದರೆ ಕನ್ನಡದ ಕಿವಿಗೆ ‘ಹುಷಾರ್’ ಎಂದೇ ಕೇಳಿಸೀತು. ಪದಗಳಿಗೆ ನಂಟಿಲ್ಲ, ಆದರೆ ಕೆಲಸ ಮಾತ್ರ ಅದೇ. ಎದೆಗೆ ಉಕ್ಕಿನ ಕವಚ ತೊಟ್ಟ ಭಾರೀ ಸವಾರರು ಶತ್ರುವಿನ ಸಾಲನ್ನು ನೇರವಾಗಿ ಗುದ್ದಿ ಒಡೆಯುವವರು. ಹುಸಾರರು ಹಗುರ ಕುದುರೆಯ ಮೇಲೆ ಮುಂದೆ ಹೋಗಿ ಬೇಹು ನೋಡುವವರು, ದಾರಿಯಲ್ಲಿ ಹೊಂಚಿ ಶತ್ರುವಿನ ದವಸದ ಗಾಡಿಗೆ ಕೈಹಾಕುವವರು, ಸುದ್ದಿ ಹಿಡಿದು ಗಾಳಿಯಂತೆ ಹಿಂದಿರುಗುವವರು.

ಇದ್ದ ಹೆಸರೂ ಹೋಯಿತು

ಕ್ರಾಂತಿ ಬಂತು. ಒಡೆಯರ ಹೆಸರು ಹೊತ್ತ ರೆಜಿಮೆಂಟುಗಳು ಬೇಡವೆಂದು 1791ರಲ್ಲಿ ಎಲ್ಲಕ್ಕೂ ಅಂಕಿ ಹಚ್ಚಿದರು. ಬೆರ್ಶೆನಿ ಪಡೆ ‘ಒಂದನೇ ಹುಸಾರ್’ ಆಯಿತು. ಕಾಗದದ ಮೇಲೆ ಹೆಸರು ಬದಲಾದಷ್ಟು ಸುಲಭವಾಗಿ ಮನಸ್ಸು ಬದಲಾಗಲಿಲ್ಲ. 1793ರ ಏಪ್ರಿಲ್‌ನಲ್ಲಿ ಸೇನಾಪತಿ ಡ್ಯುಮೂರಿಯೇ ಪ್ಯಾರಿಸ್ಸಿನ ವಿರುದ್ಧ ತಿರುಗಿಬಿದ್ದ. ಅವನನ್ನು ವಿಚಾರಿಸಲು ಯುದ್ಧ ಮಂತ್ರಿ ಮತ್ತು ನಾಲ್ವರು ಜನಪ್ರತಿನಿಧಿಗಳು ಬಂದರು. ಅವನು ಬೆರ್ಶೆನಿ ಹುಸಾರರನ್ನು ಕರೆದು ಐವರನ್ನೂ ಸೆರೆ ಹಿಡಿಸಿ ಆಸ್ಟ್ರಿಯನ್ನರ ಕೈಗಿತ್ತ. ಅಪ್ಪಂದಿರು ಯಾರ ವಿರುದ್ಧ ಬಡಿದಾಡಿ ಮನೆ ಕಳೆದುಕೊಂಡಿದ್ದರೋ ಅದೇ ಹ್ಯಾಬ್ಸ್‌ಬರ್ಗರ ಕೈಗೆ! ಕೆಲವೇ ದಿನಗಳಲ್ಲಿ ಡ್ಯುಮೂರಿಯೇ ಗಡಿ ದಾಟಿದಾಗ ಹುಸಾರರಲ್ಲೂ ಕೆಲವರು ಅವನ ಬೆನ್ನಿಗೆ ಹೋದರು. ಉಳಿದವರು ಗಣರಾಜ್ಯಕ್ಕಾಗಿ ಕಾದಾಡಿದರು. ಮೇಣದ ಮೀಸೆಯ ಮಾರ್ಬೋ ಬಂದು ಸೇರಿದ್ದು ಇವರನ್ನೇ.

ನೆಪೋಲಿಯನ್ನನ ಯುದ್ಧಗಳಲ್ಲಿ ಈ ಪಡೆ ಯುರೋಪಿನ ಉದ್ದಗಲ ತುಳಿಯಿತು. ಆದರೆ ಕುದುರೆಗಳ ಕಾಲ ಮುಗಿಯುತ್ತಿದೆ ಎಂಬುದು ಕಣ್ಣಿಗೆ ಕಟ್ಟಿದ್ದು 1870ರ ಸೆಪ್ಟೆಂಬರ್ 1ರಂದು, ಸೆಡಾನ್‌ನಲ್ಲಿ. ಫ್ರೆಂಚ್ ಸೇನೆ ನಾಲ್ಕೂ ಕಡೆಯಿಂದ ಮುತ್ತಿಗೆಗೆ ಸಿಕ್ಕಿತ್ತು. ಫ್ಲೊಯಿಂಗ್ ಹಳ್ಳಿಯ ದಿಬ್ಬದಿಂದ ಜನರಲ್ ಮಾರ್ಗರಿಟ್‌ನ ಸವಾರರು ಇಳಿದು ನುಗ್ಗಬೇಕಿತ್ತು. ಅವರಲ್ಲಿ ಒಂದನೇ ಹುಸಾರರೂ ಇದ್ದರು. ನೆಲ ನೋಡಿಬರಲು ಮುಂದೆ ಹೋದ ಮಾರ್ಗರಿಟ್‌ನ ಮುಖಕ್ಕೇ ಗುಂಡು ಬಿತ್ತು. ಆದರೂ ಸವಾರರು ನುಗ್ಗಿದರು, ಚದುರಿದರು, ಕೂಡಿಕೊಂಡು ಮತ್ತೆ ನುಗ್ಗಿದರು. ಪ್ರಶ್ಯದ ಬಂದೂಕುಗಳ ಎದುರು ಕುದುರೆಗಳು ಸಾಲು ಸಾಲಾಗಿ ಉರುಳಿದವು. ಎದುರು ಗುಡ್ಡದಿಂದ ನೋಡುತ್ತಿದ್ದ ಪ್ರಶ್ಯದ ದೊರೆಯೇ ಈ ಧೀರರನ್ನು ಮೆಚ್ಚಿ ಉದ್ಗರಿಸಿದನಂತೆ. ಮರುದಿನ ಮೂರನೇ ನೆಪೋಲಿಯನ್ ಶರಣಾದ. ಶತ್ರುವಿನ ಮೆಚ್ಚುಗೆಯಿಂದ ಯುದ್ಧ ಗೆಲ್ಲಲಾಗುವುದಿಲ್ಲ.

ಆಕಾಶದಿಂದ ಇಳಿದವರು

1914ರ ಮಹಾಯುದ್ಧದ ಕಂದಕ, ಮುಳ್ಳುತಂತಿ, ಮೆಷಿನ್‌ಗನ್ ಸೇರಿ ಸವಾರರನ್ನು ನೆಲಕ್ಕಿಳಿಸಿದವು. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ಕುದುರೆಯ ಜಾಗಕ್ಕೆ ಯಂತ್ರ ಬಂದಾಗಿತ್ತು. ಅನೇಕ ಹಳೆಯ ರೆಜಿಮೆಂಟುಗಳು ಟ್ಯಾಂಕ್ ಏರಿದವು. ಬೆರ್ಶೆನಿಯವರು ಬೇರೆ ದಾರಿ ಹಿಡಿದರು. 1946ರಲ್ಲಿ ಅವರು ಪ್ಯಾರಾಚೂಟ್ ಕಟ್ಟಿಕೊಂಡು ‘ಒಂದನೇ ಪ್ಯಾರಾಚೂಟ್ ಹುಸಾರ್ ರೆಜಿಮೆಂಟ್’ ಆದರು. ತಲೆಯ ಮೇಲೆ ಈಗ ಕೆಂಪು ಬೆರೆ ಟೋಪಿ. ನೆಲೆ, ಪಿರನೀಸ್ ಪರ್ವತಗಳ ಬುಡದ ತಾರ್ಬ್ ಪಟ್ಟಣ.

ಯೋಚಿಸಿದರೆ ಇದು ಹಳೆಯ ಕಸುಬೇ. ಪ್ಯಾರಾಚೂಟ್ ಪಡೆಗೂ ಮುಂದೆ ಹೋಗಿ ನೆಲ ನೋಡಿಬರುವವರು ಬೇಕು. ಹಲವು ವರ್ಷ ಅವರು ಬಳಸಿದ ಆರು ಚಕ್ರದ ಯುದ್ಧವಾಹನಕ್ಕೆ 90 ಮಿ.ಮೀ. ಫಿರಂಗಿ ಇತ್ತು, ಆದರೂ ವಿಮಾನದ ಹೊಟ್ಟೆಯಲ್ಲಿ ಹಿಡಿಸುವಷ್ಟು ಹಗುರ. ಅದರ ಹೆಸರು ‘ಸಗೇ’, ಅಂದರೆ ಎಸೆಯುವ ಈಟಿ. ಮಾತಿನಲ್ಲಂತೂ ಕುದುರೆ ಇನ್ನೂ ಲಾಯ ಬಿಟ್ಟಿಲ್ಲ. ಬೇರೆ ಪಡೆಯ ‘ಸಾರ್ಜೆಂಟ್’ ಇಲ್ಲಿ ಇಂದಿಗೂ ‘ಮಾರೆಶಾಲ್ ದೆ ಲೊಜಿ’, ಅಂದರೆ ಒಂದು ಕಾಲಕ್ಕೆ ಸವಾರರಿಗೂ ಕುದುರೆಗಳಿಗೂ ಬಿಡಾರ ಹುಡುಕುತ್ತಿದ್ದವನು. ಪೆರ್ತೆಲೇ ಹೊತ್ತಿದ್ದ ಹುದ್ದೆಯೂ ಅದೇ.

ರೆಜಿಮೆಂಟಿನ ಧ್ಯೇಯವಾಕ್ಯ ಲ್ಯಾಟಿನ್ನಿನದು: ಧೀರನಿಗೆ ಎಲ್ಲ ನೆಲವೂ ತಾಯ್ನಾಡೇ. ಈ ಪಡೆ ದೇಶ ಕಳೆದುಕೊಂಡವರಿಂದ ಹುಟ್ಟಿತು. ಆಮೇಲೆ ದೊರೆ ಹೋದ, ಚಕ್ರವರ್ತಿ ಹೋದ, ಜಡೆ ಹೋಯಿತು, ಕುದುರೆಯೂ ಹೋಯಿತು. ಕ್ರಾಂತಿ ಅಳಿಸಿಹಾಕಿದ ‘ಬೆರ್ಶೆನಿ’ ಎಂಬ ಹೆಸರನ್ನು ಮಾತ್ರ ತಾರ್ಬ್‌ನ ಸೈನಿಕರು ಇಂದಿಗೂ ಅಭಿಮಾನದಿಂದ ಹೇಳಿಕೊಳ್ಳುತ್ತಾರೆ.

ಲಾಸ್ಲೋ ಬೆರ್ಚೇನಿ 1778ರಲ್ಲಿ ಪರದೇಶದಲ್ಲೇ ತೀರಿಕೊಂಡ. ಹಂಗೇರಿ ಅವನನ್ನು ಮರೆಯಲಿಲ್ಲ. ಸೋಲ್ನೋಕ್ ಪಟ್ಟಣದ ತನ್ನದೇ ಪ್ಯಾರಾಚೂಟ್ ಬೇಹು ಪಡೆಯೊಂದಕ್ಕೆ ಅದು ಇಟ್ಟ ಹೆಸರು, ಲಾಸ್ಲೋ ಬೆರ್ಚೇನಿ.